ಮರಣದ ಆಸೆಯೂ ದೋಷ: ಸಲ್ಲೇಖನದ ಬೆಳಕಿನಲ್ಲಿ ದಯಾಮರಣ

ಕಳಸದಿಂದ ಕುದುರೆಮುಖದತ್ತ ಹೋಗುವ ದಾರಿಯ ಸಂಸೆ ಜೈನ ಮನೆತನಗಳು ತಲೆಮಾರುಗಳಿಂದ ನೆಲೆಸಿರುವ ಊರು. ಕಳಸ–ಕಾರ್ಕಳದ ಭೈರರಸರು ಆಳಿದ ಈ ಸೀಮೆಯ ಜೈನರಿಗೆ ಸಲ್ಲೇಖನ ಪರಂಪರೆಯಿಂದ ಬಂದ, ಆಹಾರವನ್ನು ಹಂತಹಂತವಾಗಿ ತೊರೆದು ಸಾವನ್ನು ಎದುರುಗೊಳ್ಳುವ ವ್ರತದ ಹೆಸರು. ದಯಾಮರಣದ ಚರ್ಚೆ ಸಾಮಾನ್ಯವಾಗಿ ಎರಡು ಮಾತುಗಳ ನಡುವೆ ಜಗ್ಗಾಡುತ್ತದೆ: ಜೀವ ಕೊಟ್ಟವನೇ ಅದನ್ನು ಒಯ್ಯಬೇಕು ಎಂಬುದೊಂದು, ನನ್ನ ಸಾವು ನನ್ನ ಹಕ್ಕು ಎಂಬುದಿನ್ನೊಂದು. ಇವೆರಡಕ್ಕೂ ಸೇರದ ಮೂರನೆಯ ವಿವೇಕವೊಂದು ಕನ್ನಡ ನಾಡಿನ ಜೈನ ಪರಂಪರೆಯ ಈ ಸಲ್ಲೇಖನದಲ್ಲಿದೆ. ಇಂದಿನ ಕಾನೂನಿನ ಅಂತರಂಗವನ್ನು ಅದು ಚೆನ್ನಾಗಿ ಬೆಳಗಿಸುತ್ತದೆ ಎಂಬುದು ಈ ಲೇಖನದ ವಾದ.

ಜೈನ ಆಚಾರ್ಯ ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರ ಸಲ್ಲೇಖನಕ್ಕೆ ಹಾಕುವ ಷರತ್ತು ಕಟ್ಟುನಿಟ್ಟಾದದ್ದು: ಉಪಸರ್ಗ (ಮೇಲೆರಗಿದ ಆಪತ್ತು), ಬರಗಾಲ, ಮುಪ್ಪು, ರೋಗ ಇವು ಪರಿಹಾರವೇ ಇಲ್ಲದ ಹಂತ ಮುಟ್ಟಿರಬೇಕು. ತತ್ತ್ವಾರ್ಥಸೂತ್ರ ಇನ್ನೂ ಒಂದು ಹೆಜ್ಜೆ ಮುಂದಿಡುತ್ತದೆ. ವ್ರತಕ್ಕೆ ತಗಲುವ ಐದು ಅತಿಚಾರಗಳನ್ನು, ಅಂದರೆ ದೋಷಗಳನ್ನು, ಎಣಿಸುವಾಗ ಬದುಕಿನ ಆಸೆಯ ಪಕ್ಕದಲ್ಲೇ ಮರಣದ ಆಸೆಯನ್ನೂ ಇರಿಸುತ್ತದೆ. ಬೇಗ ಸಾಯಬೇಕೆಂಬ ತವಕ ಹುಟ್ಟಿದರೆ ವ್ರತಕ್ಕೆ ಕಳಂಕ ತಗಲಿತು. ಸಲ್ಲೇಖನ ಆತ್ಮಹತ್ಯೆಯಲ್ಲವೆಂದು ಆ ಸೂತ್ರದ ವ್ಯಾಖ್ಯಾನಕಾರ ಪೂಜ್ಯಪಾದ ವಾದಿಸುವುದೂ ರಾಗದ್ವೇಷಗಳಿಲ್ಲದ ಈ ಮನಃಸ್ಥಿತಿಯನ್ನು ನೆಚ್ಚಿಯೇ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಸಂಥಾರವೆಂದೂ ಕರೆಯುವ ಈ ವ್ರತವನ್ನು ಆತ್ಮಹತ್ಯೆಯೆಂದು ಬಗೆದಾಗ ಕಡೆಗಣಿಸಿದ್ದು ಈ ಭೇದವನ್ನು; ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು.

ಶಾಸ್ತ್ರ ಹೇಳಿದಂತೆಯೇ ಬದುಕು ನಡೆಯಿತೇ ಎಂಬ ಆಕ್ಷೇಪ ನ್ಯಾಯವಾದದ್ದು. 1131ರಲ್ಲಿ ಹೊಯ್ಸಳ ರಾಣಿ ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡ ಮೇಲೆ ತಾಯಿ ಮಾಚಿಕಬ್ಬೆ ಶ್ರವಣಬೆಳಗೊಳದಲ್ಲಿ ಗುರುಗಳ ಸಮಕ್ಷಮದಲ್ಲಿ ಸನ್ಯಸನ (ಸಲ್ಲೇಖನ) ಕೈಗೊಂಡು, ಒಂದು ತಿಂಗಳು ಉಪವಾಸವಿದ್ದು ಪ್ರಾಣ ಬಿಟ್ಟಳೆಂದು ಅಲ್ಲಿನ ಶಾಸನ ಹೇಳುತ್ತದೆ. ಅಲ್ಲಿದ್ದದ್ದು ವೈರಾಗ್ಯವೋ ಮಗಳನ್ನು ಕಳೆದುಕೊಂಡ ಸಂಕಟವೋ? ಹೊಗಳಿಕೆಗೆಂದೇ ಕೆತ್ತಿದ ಕಲ್ಲು ಅದನ್ನು ಬಿಡಿಸಿ ಹೇಳಲಾರದು. ಒಡೆಯನ ಬೆನ್ನಿಗೇ ಪ್ರಾಣ ಬಿಡುವ ಗರುಡರೆಂಬ ಅಂಗರಕ್ಷಕರನ್ನೂ ಈ ನಾಡಿನ ಶಾಸನಗಳು ಕೊಂಡಾಡಿವೆ. ಸಮಾಜದ ಮೆಚ್ಚುಗೆಯೇ ಒತ್ತಡವಾಗಬಲ್ಲದು. ಆದರೆ ಈ ಅಪಾಯದಿಂದ ಶಾಸ್ತ್ರದ ಒರೆಗಲ್ಲು ಸುಳ್ಳಾಗುವುದಿಲ್ಲ. ಅದನ್ನು ಮತ್ತಷ್ಟು ಎಚ್ಚರದಿಂದ ಬಳಸಬೇಕಾಗುತ್ತದೆ.

ಸಲ್ಲೇಖನಕ್ಕೆ ಪ್ರಜ್ಞೆ ಬೇಕು, ವೆಂಟಿಲೇಟರಿನ ಮೇಲಿರುವವರಿಗೆ ಅದಿಲ್ಲ, ಹೋಲಿಕೆ ಸಲ್ಲದು ಎಂಬುದು ಎರಡನೆಯ ಆಕ್ಷೇಪ. ಸಲ್ಲೇಖನ ದಯಾಮರಣವಲ್ಲ, ನಿಜ. ಆದರೂ 2018ರ ಮಾರ್ಚ್ 9ರ ಸುಪ್ರೀಂ ಕೋರ್ಟ್ ತೀರ್ಪು ಮಾನ್ಯ ಮಾಡಿದ ಮುಂಗಡ ಇಚ್ಛಾಪತ್ರವನ್ನು (ಲಿವಿಂಗ್ ವಿಲ್) ಪ್ರಜ್ಞೆ ಇರುವಾಗಲೇ ಬರೆಯಬೇಕು. ಅದೂ ಒಂದು ಸಂಕಲ್ಪವೇ. ಕರ್ನಾಟಕ ಸರ್ಕಾರದ 2025ರ ಜನವರಿ 30ರ ಸುತ್ತೋಲೆಯಂತೆ ತಲಾ ಮೂವರು ವೈದ್ಯರ ಎರಡು ಮಂಡಳಿಗಳು ಒಪ್ಪಿದ ಮೇಲಷ್ಟೇ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಬಹುದು. ಚುಚ್ಚುಮದ್ದು ಕೊಟ್ಟು ಸಾಯಿಸುವುದಕ್ಕೆ ಅಲ್ಲಿ ಎಡೆಯಿಲ್ಲ. ರೋಗಕ್ಕೆ ಪ್ರತೀಕಾರವಿಲ್ಲವೆಂಬ ನಿಶ್ಚಯ, ಮೊದಲೇ ಮಾಡಿದ ಸಂಕಲ್ಪ, ಹೊಣೆ ಹೊರುವ ಸಾಕ್ಷಿಗಳು: ಮೂರೂ ಹಳೆಯ ಷರತ್ತುಗಳೇ.

ಹಳೆಯ ವಿವೇಕ ಇನ್ನೊಂದನ್ನೂ ಕೇಳುತ್ತದೆ. ನೋವು ತಾಳಲಾರದೆ, ಸಾಲಕ್ಕೆ ಹೆದರಿ, ಮನೆಯವರಿಗೆ ಭಾರವಾದೆನೆಂದು ಕೊರಗಿ ಸಾವನ್ನು ಬಯಸುವುದು ಮರಣದ ಆಸೆಯೇ. ಅದನ್ನು ಇಚ್ಛೆಯೆಂದು ದಾಖಲಿಸಿಕೊಳ್ಳುವುದು ಅನ್ಯಾಯ. ದೊಡ್ಡ ಆಸ್ಪತ್ರೆಗೆ ಘಟ್ಟ ಇಳಿಯಬೇಕಾದ ಸಂಸೆಯಂಥ ಊರಿಗೂ ನೋವು ತಗ್ಗಿಸುವ ಆರೈಕೆ ಮೊದಲು ತಲುಪಬೇಕು. ಆ ನೋವು, ಆ ಸಾಲದ ಭಯ ಕಳೆದ ಮೇಲೂ ಉಳಿಯುವ ಸಂಕಲ್ಪಕ್ಕೆ ಮಾತ್ರ ಕಾನೂನು ತಲೆಬಾಗಬೇಕು.