ದೋಣಿಯ ಇಂಜಿನ್ ಚಾಲೂ ಆಗುತ್ತಿಲ್ಲವೇ? ಮೊದಲು ಇವನ್ನು ನೋಡಿ

ಕಾಸರಗೋಡು: ಮಂಜೇಶ್ವರದಿಂದ ನೀಲೇಶ್ವರದವರೆಗಿನ ಕಡಲ ತೀರದ ಸಣ್ಣ ದೋಣಿಗಳ ಮೀನುಗಾರಿಕೆ ಇಂದು ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಇಂಜಿನನ್ನೇ ನಂಬಿಕೊಂಡಿದೆ. ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರ ತನಕ 52 ದಿನಗಳ ಟ್ರಾಲಿಂಗ್ ನಿಷೇಧವಿರುವಾಗಲೂ ಸಾಂಪ್ರದಾಯಿಕ ದೋಣಿಗಳಿಗೆ ಕಡಲಿಗಿಳಿಯಲು ಅವಕಾಶವಿದೆ. ಹೀಗಾಗಿ ಮಳೆಗಾಲದ ಒರಟು ಕಡಲಲ್ಲೂ ಇಂಜಿನ್ ಕೈಕೊಡದಂತೆ ನೋಡಿಕೊಳ್ಳಬೇಕಾಗುತ್ತದೆ. ದಡದಲ್ಲೇ ಚಾಲೂ ಆಗದಿದ್ದರೆ ಒಂದು ದಿನದ ದುಡಿಮೆ ಹೋದೀತು. ಚಂದ್ರಗಿರಿ, ಶಿರಿಯ ಹೊಳೆಗಳ ಅಳಿವೆಬಾಗಿಲಲ್ಲಿ ನಿಂತುಹೋದರೆ, ಅಡ್ಡ ತಿರುಗಿದ ದೋಣಿಯನ್ನು ತೆರೆಗಳು ಮಗುಚಿಬಿಡಬಹುದು.

ಇಂಜಿನ್ ಚಾಲೂ ಆಗದಿರಲು ಬಹುತೇಕ ಸಂದರ್ಭಗಳಲ್ಲಿ ಕಾರಣ ಸಣ್ಣದೇ ಆಗಿರುತ್ತದೆ. ಆದರೆ ಕ್ರಮವಾಗಿ ಹುಡುಕಬೇಕು.

ಮೊದಲು ದೋಣಿಯ ರಕ್ಷಣೆ

ನೀರಿನ ಮೇಲಿದ್ದಾಗ ಇಂಜಿನ್ ನಿಂತರೆ ಮೊದಲ ಕೆಲಸ ಲಂಗರು ಹಾಕಿ ದೋಣಿಯ ಮೂತಿಯನ್ನು ತೆರೆಯ ಕಡೆಗೆ ನಿಲ್ಲಿಸುವುದು. ಎಲ್ಲರೂ ಲೈಫ್ ಜಾಕೆಟ್ ಹಾಕಿಕೊಳ್ಳಬೇಕು. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಬೀಡಿ, ಬೆಂಕಿಕಡ್ಡಿ ಹತ್ತಿರ ಸುಳಿಯಬಾರದು.

ಹಗ್ಗ ಎಳೆಯುವ ಮೊದಲು

ಗೇರು ನ್ಯೂಟ್ರಲ್‌ನಲ್ಲಿದೆಯೇ ನೋಡಬೇಕು. ಗೇರಿನಲ್ಲಿದ್ದರೆ ಹಲವು ಇಂಜಿನ್‌ಗಳಲ್ಲಿ ಹಗ್ಗ ಎಳೆಯಲಿಕ್ಕೇ ಬರುವುದಿಲ್ಲ. ಮುಂದೆ ಸ್ಟಾಪ್ ಸ್ವಿಚ್. ಚಾಲಕ ಆಯತಪ್ಪಿ ನೀರಿಗೆ ಬಿದ್ದರೆ ಇಂಜಿನ್ ತಾನಾಗಿ ನಿಲ್ಲಲೆಂದು ಕೈಗೆ ಕಟ್ಟಿಕೊಳ್ಳುವ ದಾರದ ಕ್ಲಿಪ್ ಇದರಲ್ಲಿರುತ್ತದೆ. ಕ್ಲಿಪ್ ಕಳಚಿದ್ದರೆ ಎಷ್ಟು ಎಳೆದರೂ ಪ್ಲಗ್‌ನಲ್ಲಿ ಕಿಡಿ ಬರುವುದಿಲ್ಲ.

ಇಂಧನದ ದಾರಿ

ಟ್ಯಾಂಕಿನ ಮುಚ್ಚಳದಲ್ಲಿರುವ ಗಾಳಿಯ ತಿರುಪು ತೆರೆದಿರಬೇಕು. ಬಳಿಕ ಪೈಪಿನ ನಡುವಿನ ರಬ್ಬರ್ ಬಲ್ಬನ್ನು ಅದರ ಬಾಣದ ಗುರುತು ಮೇಲಾಗುವಂತೆ ಹಿಡಿದು ಗಟ್ಟಿಯಾಗುವ ತನಕ ಹಿಸುಕಬೇಕು. ಬಲ್ಬ್ ಗಟ್ಟಿಯಾಗದಿದ್ದರೆ ಟ್ಯಾಂಕ್ ಬರಿದಾಗಿದೆ ಅಥವಾ ಪೈಪಿನ ಜೋಡಣೆ ಸಡಿಲವಾಗಿ ಗಾಳಿ ಒಳಗೆ ಸೇರುತ್ತಿದೆ ಎಂದು ತಿಳಿಯಬೇಕು. ಹಿಸುಕಿದ ಬಲ್ಬ್ ಚಪ್ಪಟೆಯಾಗಿಯೇ ಉಳಿದರೆ ಟ್ಯಾಂಕಿನ ಕಡೆಯಲ್ಲಿ ತಡೆ ಇದೆ.

ಇಂಧನದಲ್ಲಿ ನೀರು ಬೆರೆತಿರುವುದೂ ಸಾಮಾನ್ಯ. ಟ್ಯಾಂಕಿನ ತಳದಿಂದ ಸ್ವಲ್ಪ ಇಂಧನವನ್ನು ಗಾಜಿನ ಬಾಟಲಿಗೆ ತೆಗೆದು ಕೆಲ ನಿಮಿಷ ಅಲುಗಾಡಿಸದೆ ಇಟ್ಟರೆ ನೀರು ಅಡಿಯಲ್ಲಿ ಬೇರೆಯಾಗಿ ನಿಲ್ಲುತ್ತದೆ. ಈಗ ಬಂಕುಗಳಲ್ಲಿ ಸಿಗುವ ಎಥನಾಲ್ ಬೆರೆತ ಪೆಟ್ರೋಲ್ ತೇವವನ್ನು ಹೀರಿಕೊಳ್ಳುವುದರಿಂದ, ತಿಂಗಳುಗಟ್ಟಲೆ ಕ್ಯಾನಿನಲ್ಲಿಟ್ಟ ಪೆಟ್ರೋಲ್ ಬಳಸದಿರುವುದು ಲೇಸು.

ಸೀಮೆಎಣ್ಣೆಯ ಇಂಜಿನ್

ನಮ್ಮ ಕರಾವಳಿಯಲ್ಲಿ ಬಳಕೆಯಲ್ಲಿರುವ ಹಲವು ಇಂಜಿನ್‌ಗಳು ಪೆಟ್ರೋಲಿನಲ್ಲಿ ಚಾಲೂ ಆಗಿ, ಬಿಸಿಯಾದ ಬಳಿಕ ಸೀಮೆಎಣ್ಣೆಯಲ್ಲಿ, ಅಂದರೆ ಚಿಮಿಣಿ ಎಣ್ಣೆಯಲ್ಲಿ ಓಡುತ್ತವೆ. ತಣ್ಣಗಿರುವ ಇಂಜಿನ್‌ನಲ್ಲಿ ಸೀಮೆಎಣ್ಣೆ ಸುಲಭವಾಗಿ ಆವಿಯಾಗುವುದಿಲ್ಲ. ಹಿಂದಿನ ದಿನ ಸೀಮೆಎಣ್ಣೆಯಲ್ಲೇ ಓಡಿಸಿ ನಿಲ್ಲಿಸಿದ್ದರೆ ಕಾರ್ಬುರೇಟರಿನಲ್ಲಿ ಅದೇ ಉಳಿದು ಮರುದಿನ ಬೆಳಗ್ಗೆ ಇಂಜಿನ್ ಹಟ ಹಿಡಿಯುತ್ತದೆ. ಆಗ ಕಾರ್ಬುರೇಟರಿನ ಅಡಿಯ ತಿರುಪು ಬಿಚ್ಚಿ ಉಳಿದ ಎಣ್ಣೆಯನ್ನು ಡಬ್ಬಿಗೆ ಹರಿಸಿ, ಪೆಟ್ರೋಲ್ ತುಂಬಿಸಬೇಕು. ದಡ ಸೇರುವ ಕೆಲ ನಿಮಿಷ ಮೊದಲೇ ಪೆಟ್ರೋಲಿಗೆ ಬದಲಿಸಿಕೊಂಡು ಆಮೇಲೆ ನಿಲ್ಲಿಸುವುದನ್ನು ರೂಢಿ ಮಾಡಿಕೊಂಡರೆ ಈ ತೊಂದರೆಯೇ ಇರುವುದಿಲ್ಲ.

ಚೋಕ್ ಮತ್ತು ಪ್ಲಗ್

ತಣ್ಣಗಿರುವ ಇಂಜಿನ್‌ಗೆ ಚೋಕ್ ಬೇಕು. ಬಿಸಿ ಇಂಜಿನ್‌ಗೆ ಸಾಮಾನ್ಯವಾಗಿ ಬೇಡ. ಚೋಕ್ ಹಾಕಿಯೇ ಮತ್ತೆ ಮತ್ತೆ ಎಳೆದರೆ ಇಂಧನ ಹೆಚ್ಚಾಗಿ ಪ್ಲಗ್ ಒದ್ದೆಯಾಗುತ್ತದೆ. ಹಾಗಾದಾಗ ಚೋಕ್ ತೆಗೆದು, ಪ್ಲಗ್ ಬಿಚ್ಚಿ ಒರೆಸಿ ಒಣಗಿಸಬೇಕು. ಸ್ಟಾಪ್ ಸ್ವಿಚ್ಚಿನ ಕ್ಲಿಪ್ ಕಳಚಿಟ್ಟು ಕೆಲವು ಬಾರಿ ಹಗ್ಗ ಎಳೆದರೆ ಹೆಚ್ಚಿನ ಇಂಧನ ಹೊರಬೀಳುತ್ತದೆ. ನಂತರ ಪ್ಲಗ್ ಹಾಕಿ, ಕ್ಲಿಪ್ ಮರಳಿ ಸಿಕ್ಕಿಸಿ ಚಾಲೂ ಮಾಡಬೇಕು.

ಬಿಚ್ಚಿದ ಪ್ಲಗ್ ಒಣಗಿದ್ದರೆ ಇಂಧನ ಬರುತ್ತಿಲ್ಲ. ಒದ್ದೆಯಾಗಿದ್ದರೆ ಇಂಧನ ಬರುತ್ತಿದೆ, ಕಿಡಿಯ ಬಗ್ಗೆ ಸಂಶಯಪಡಬೇಕು. ಕಪ್ಪು ಮಸಿ, ಎಣ್ಣೆ ಹಿಡಿದಿದ್ದರೆ ಪ್ಲಗ್ ಬದಲಿಸಬೇಕು. ಇಂಧನದ ಆವಿ ತುಂಬಿರುವಲ್ಲಿ ಕಿಡಿ ಹಾರಿಸಿ ನೋಡುವುದು ಅಪಾಯಕಾರಿ. ಅದಕ್ಕಿಂತ ಹೊಸ ಪ್ಲಗ್ ಹಾಕಿ ನೋಡುವುದೇ ಕ್ಷೇಮ. ದೋಣಿಯಲ್ಲಿ ಎರಡು ಪ್ಲಗ್, ಒಂದು ಪ್ಲಗ್ ಸ್ಪ್ಯಾನರ್, ಚಾಲೂ ಮಾಡುವ ಹಗ್ಗ ಸದಾ ಇರಲಿ.

ಇಂಜಿನ್ ಮುಳುಗಿದ್ದರೆ

ಉಪ್ಪುನೀರಿನಲ್ಲಿ ಮುಳುಗಿದ ಇಂಜಿನನ್ನು ಬಿಸಿಲಲ್ಲಿ ಒಣಗಿಸಲು ಇಡಬಾರದು. ಗಾಳಿ ತಾಗಿದೊಡನೆ ತುಕ್ಕು ಹಿಡಿಯಲಾರಂಭಿಸುತ್ತದೆ. ಸಿಹಿನೀರಿನಲ್ಲಿ ತೊಳೆದು, ಪ್ಲಗ್ ಬಿಚ್ಚಿ, ಹಗ್ಗವನ್ನು ಮೆಲ್ಲಗೆ ಎಳೆದು ಒಳಗಿನ ನೀರನ್ನು ಹೊರಹಾಕಿ, ಪ್ಲಗ್ ರಂಧ್ರಗಳಿಗೆ ಇಂಜಿನ್ ಎಣ್ಣೆ ಬಿಟ್ಟು ಆದಷ್ಟು ಬೇಗ ಮೆಕ್ಯಾನಿಕ್ ಬಳಿ ಒಯ್ಯಬೇಕು. ಹಗ್ಗ ಬಿಗಿಯಾಗಿದ್ದರೆ ಬಲ ಹಾಕಬಾರದು.

ಚಾಲೂ ಆದ ಮೇಲೆ

ತಂಪುಮಾಡುವ ನೀರು ಹಿಂಬದಿಯ ಸಣ್ಣ ರಂಧ್ರದಿಂದ ಧಾರೆಯಾಗಿ ಚಿಮ್ಮುತ್ತಿದೆಯೇ ಗಮನಿಸಬೇಕು. ಇಲ್ಲವಾದರೆ ಕೂಡಲೇ ನಿಲ್ಲಿಸಿ, ನೀರೆಳೆಯುವ ಜಾಲರಿಯಲ್ಲಿ ಪ್ಲಾಸ್ಟಿಕ್, ಪಾಚಿ ಸಿಕ್ಕಿದೆಯೇ ನೋಡಬೇಕು. ಪರೀಕ್ಷೆಗೆಂದು ದಡದಲ್ಲಿ ನೀರಿಲ್ಲದೆ ಓಡಿಸಿದರೆ ಪಂಪಿನ ರಬ್ಬರ್ ಚಕ್ರ ಸ್ವಲ್ಪ ಹೊತ್ತಿನಲ್ಲೇ ಹಾಳಾಗುತ್ತದೆ. ದಿನದ ಕೆಲಸ ಮುಗಿದ ಮೇಲೆ ಸಿಹಿನೀರು ಹರಿಸಿ ಒಳಗಿನ ಉಪ್ಪು ತೊಳೆಯುವುದು ಇಂಜಿನ್‌ನ ಆಯುಷ್ಯ ಹೆಚ್ಚಿಸುತ್ತದೆ.

ಯಾವ ಉಪಾಯವೂ ಫಲಿಸದಿದ್ದರೆ ಕತ್ತಲಾಗುವ ತನಕ ಕಾಯಬಾರದು. ಕರಾವಳಿ ಪೊಲೀಸರ ಸಹಾಯವಾಣಿ 1093, ಕೋಸ್ಟ್ ಗಾರ್ಡ್ ಸಹಾಯವಾಣಿ 1554. ದಡದಿಂದ ದೂರ ಹೋದಂತೆ ಮೊಬೈಲ್ ಸಿಗುವುದಿಲ್ಲವಾದ್ದರಿಂದ ವಿಎಚ್‌ಎಫ್ ಸೆಟ್ ಇದ್ದವರು ಅಪಾಯದ ಕರೆಗೆ 16ನೇ ಚಾನೆಲ್ ಬಳಸಬೇಕು. ಯಾವ ದಿಕ್ಕಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂದು ಹೊರಡುವ ಮುನ್ನ ಮನೆಯಲ್ಲಿ ತಿಳಿಸಿ ಹೋದರೆ, ಬರುವುದು ತಡವಾದಾಗ ಹುಡುಕುವವರಿಗೆ ಅದುವೇ ದಾರಿ ತೋರಿಸುತ್ತದೆ.