ಕನ್ನಡ ಕಿರುತೆರೆಯಲ್ಲಿ ಮುಜುಗರದ ಹಾಸ್ಯ

ಪಾತ್ರವೊಂದು ತಾನೇ ತಂದುಕೊಂಡ ಪೇಚಾಟವನ್ನು ನೋಡುತ್ತ ಪ್ರೇಕ್ಷಕ ನಗುವ, ನಗುತ್ತಲೇ ಸಂಕೋಚದಿಂದ ಮುದುಡುವ ಹಾಸ್ಯಪ್ರಕಾರ. ಬಡಾಯಿ ಕೊಚ್ಚಿಕೊಂಡವನು ಸಿಕ್ಕಿಬೀಳುವುದು, ಗಂಡನ ಸುಳ್ಳು ನೆಂಟರೆದುರೇ ಬಯಲಾಗುವುದು, ಆಡಬಾರದ ಮಾತು ಆಡಬಾರದವರ ಮುಂದೆ ಬಾಯಿಂದ ಜಾರುವುದು ಇದರ ಮೂಲದ್ರವ್ಯ. ಇಂಗ್ಲಿಷ್ ಕಿರುತೆರೆಯಲ್ಲಿ ರಿಕಿ ಜರ್ವೇಸ್ ಮತ್ತು ಸ್ಟೀಫನ್ ಮರ್ಚೆಂಟ್ ರೂಪಿಸಿದ ಬಿಬಿಸಿಯ 'ದಿ ಆಫೀಸ್' (2001) ಈ ಪ್ರಕಾರಕ್ಕೆ ಜಗತ್ತಿನಾದ್ಯಂತ ಹೆಸರು ತಂದಿತು. ಇಂದಿನ ಕನ್ನಡದ ಹುಡುಗರು ಇದನ್ನು 'ಕ್ರಿಂಜ್' ಎನ್ನುತ್ತಾರೆ. ಆದರೆ ಕನ್ನಡದ ಧಾರಾವಾಹಿಗಳಿಗೆ ಈ ಹಾಸ್ಯ ಬಂದದ್ದು ಬಿಬಿಸಿಯಿಂದಲ್ಲ, ನಮ್ಮದೇ ರಂಗಭೂಮಿ ಮತ್ತು ಹರಟೆಯ ಪರಂಪರೆಯಿಂದ.

ಸಭ್ಯರ ಪೇಚಾಟವನ್ನು ನೋಡಿ ನಗುವುದು ಈ ನಾಡಿಗೆ ಹೊಸದಲ್ಲ. ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಹೊರಗೋಡೆಯಲ್ಲಿ, ಸೂರಿನ ಕೆಳಗೆ 38 ಮದನಿಕೆಯರಿದ್ದಾರೆ. ಕನ್ನಡಿ ನೋಡಿಕೊಳ್ಳುವವಳು, ಗಿಳಿಯೊಡನೆ ಮಾತಾಡುವವಳು, ಬೇಟೆಗೆ ಹೊರಟವಳು ಎಲ್ಲರೂ ತಮ್ಮ ತಮ್ಮ ಚೆಲುವಿನಲ್ಲಿ ಮೈಮರೆತಿರುವಾಗ, ಒಬ್ಬಾಕೆಯ ಸೀರೆಯನ್ನು ಮಾತ್ರ ಕೋತಿಯೊಂದು ಹಿಡಿದು ಎಳೆಯುತ್ತಿದೆ. ಆಕೆಗೆ ಕೋಪ ಬಂದಿದೆ. ಪ್ರವಾಸಕ್ಕೆ ಬಂದ ಶಾಲೆಯ ಮಕ್ಕಳು ಆ ಶಿಲ್ಪದ ಮುಂದೆ ನಿಂತರೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಿಸಕ್ಕನೆ ನಗುತ್ತಾರೆ. ಹೊಯ್ಸಳ ಶಿಲ್ಪಿಗೆ ಪ್ರಸಂಗ ಹೇಗೆ ಹೂಡಬೇಕೆಂಬುದು ಚೆನ್ನಾಗಿ ಗೊತ್ತಿತ್ತು.

ಆಧುನಿಕ ಕನ್ನಡದಲ್ಲಿ ಈ ಹಾಸ್ಯಕ್ಕೆ ಗಟ್ಟಿಯಾದ ಅಡಿಪಾಯ ಹಾಕಿದವರು ಟಿ.ಪಿ. ಕೈಲಾಸಂ (1884–1946). ಅವರ 'ಬಂಡ್ವಾಳವಿಲ್ಲದ ಬಡಾಯಿ' ನಾಟಕದ ಲಾಯರು ಅಹೋಬ್ಲು ಕಿರುತೆರೆಯ ಎಷ್ಟೋ ಪಾತ್ರಗಳ ಮೂಲಪುರುಷ. ಅವನಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲವೆಂಬುದು ಊರಿಗೆಲ್ಲ ಗೊತ್ತು, ಅವನಿಗೊಬ್ಬನಿಗೆ ಗೊತ್ತಿಲ್ಲ. ಅವನು ಬಾಯಿ ತೆರೆದಷ್ಟೂ ಸಭಾಂಗಣದಲ್ಲಿ ಕುಳಿತವರು ಕುರ್ಚಿಯಲ್ಲೇ ಕುಗ್ಗುತ್ತಾರೆ. ಕೈಲಾಸಂ ಕನ್ನಡಕ್ಕೆ ಇಂಗ್ಲಿಷ್ ಬೆರೆಸಿದ ರೀತಿಯೂ ಇದೇ ಕೆಲಸಕ್ಕೆ ಒದಗಿತು. ದೊಡ್ಡಸ್ತಿಕೆ ತೋರಿಸಲು ಆಡಿದ ಮಾತೇ ಆಡಿದವನ ಪೊಳ್ಳನ್ನು ಬಯಲಿಗೆ ತರುವ ತಂತ್ರ ಅದು.

ಬೇಲೂರಿರುವ ಹಾಸನ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರ್ (1904–1991) ಹಿಡಿದದ್ದು ಬೇರೆ ದಾರಿ. ಅವರ ಪ್ರಬಂಧಗಳಲ್ಲಿ ಪೇಚಿಗೆ ಸಿಕ್ಕುವವರು ನೆರೆಹೊರೆಯವರು, ಕೆಲವೊಮ್ಮೆ ಸ್ವತಃ ಲೇಖಕರು. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಅಮೆರಿಕಾದಲ್ಲಿ ಗೊರೂರು' ಕೃತಿಯಲ್ಲಿ ಹಳ್ಳಿಯ ಕಣ್ಣಿನ ಹಿರಿಯರೊಬ್ಬರು ಪರದೇಶದ ರೀತಿನೀತಿಗಳ ನಡುವೆ ತಡವರಿಸುವುದನ್ನು ಓದುಗರು ತಮ್ಮ ಮನೆಯ ಅಜ್ಜನ ಕತೆಯೆಂಬಂತೆ ಓದಿದರು. ಇಲ್ಲಿ ನಗುವಿದೆ, ಯಾರ ಮೇಲೂ ತಾತ್ಸಾರವಿಲ್ಲ. 1942ರಲ್ಲಿ ರಾಶಿ (ಡಾ. ಎಂ. ಶಿವರಾಂ) ಆರಂಭಿಸಿದ 'ಕೊರವಂಜಿ' ಮಾಸಪತ್ರಿಕೆ ಮಧ್ಯಮವರ್ಗದ ಮನೆಗಳ ಸಣ್ಣಪುಟ್ಟ ಫಜೀತಿಗಳನ್ನೇ ಇಪ್ಪತ್ತೈದು ವರ್ಷ ಬರೆಸಿತು, ಬರೆಯಿತು. ಹಾಲ್‌ನಲ್ಲಿ ಒಂದು ಸೋಫಾ, ಗಂಡ, ಹೆಂಡತಿ, ಒಳಬರುವ ನೆರೆಮನೆಯವರು ಎಂಬ ಧಾರಾವಾಹಿಯ ಚೌಕಟ್ಟು ಆ ಪತ್ರಿಕೆಯ ಪುಟಗಳಲ್ಲಿ ಆಗಲೇ ಸಿದ್ಧವಾಗಿತ್ತು.

ಕರ್ನಾಟಕದ ಹಳ್ಳಿಗಳು ಟಿ.ವಿ.ಯನ್ನು ಮೊದಲು ಕಂಡದ್ದು ಉತ್ತರದ ಜಿಲ್ಲೆಗಳಲ್ಲಿ, 1975–76ರ ಉಪಗ್ರಹ ಬೋಧನಾ ಪ್ರಯೋಗದಲ್ಲಿ. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ಮರುವರ್ಷ ಹಾಸನದಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ (ಎಂಸಿಎಫ್) ಕೆಲಸ ಆರಂಭಿಸಿತು. ದೇಶದ ಮನೆಮನೆಗೆ ಟಿ.ವಿ. ಚಿತ್ರ ತಲುಪಿಸಿದ ಇನ್ಸಾಟ್ ಸರಣಿಯ ಉಪಗ್ರಹಗಳನ್ನು ಅವುಗಳ ಕಕ್ಷೆಯಲ್ಲಿ ಕಾಯ್ದವರು ಬೇಲೂರು, ಹಳೇಬೀಡು, ಅರಸೀಕೆರೆಗಳಿಗೆ ಹತ್ತಿರದಲ್ಲೇ ಕುಳಿತ ಎಂಜಿನಿಯರುಗಳು ಎಂಬುದು ಕಿರುತೆರೆಯ ಚರಿತ್ರೆಯಲ್ಲಿ ಎದ್ದು ಹೇಳಬೇಕಾದ ಮಾತು. ಅದನ್ನು ಹೇಳುವವರು ಕಡಿಮೆ.

ದೂರದರ್ಶನದ ಆರಂಭಿಕ ಕನ್ನಡ ಧಾರಾವಾಹಿಗಳಲ್ಲಿ ಒಂದಾದ 'ಸಿಹಿ ಕಹಿ' ಎಳೆಯ ದಂಪತಿಯ ಸಂಸಾರದ ಕತೆ. ಅದರಲ್ಲಿ ನಟಿಸಿದ ಚಂದ್ರು ಮತ್ತು ಗೀತಾ ಅವರ ಹೆಸರಿಗೆ ಧಾರಾವಾಹಿಯ ಹೆಸರೇ ಅಂಟಿತು. ಮುಂದೆ ಅವರು ನಿಜಜೀವನದಲ್ಲೂ ದಂಪತಿಯಾದರು. ರಮೇಶ್ ಭಟ್ ಮುಖ್ಯಪಾತ್ರದಲ್ಲಿದ್ದ 'ಕ್ರೇಜಿ ಕರ್ನಲ್' ಶಿಸ್ತಿನ ಗತ್ತನ್ನೇ ನಗೆಗೆ ಒಡ್ಡಿತು. ವಾರಕ್ಕೊಂದು ಕಂತು, ಇಡೀ ಬೀದಿಗೆ ಒಂದೆರಡು ಟಿ.ವಿ. ಇದ್ದ ಕಾಲವದು. ಅಪ್ಪ, ಅಮ್ಮ, ಪಕ್ಕದ ಮನೆಯವರು ಒಟ್ಟಿಗೇ ಕುಳಿತು ನೋಡುತ್ತಿದ್ದುದರಿಂದ ಮುಜುಗರಕ್ಕೂ ಒಂದು ಮಿತಿಯಿತ್ತು. ಮಾತು ಆ ಗೆರೆ ದಾಟಿದರೆ ಯಾರಾದರೂ ಎದ್ದು ನೀರು ಕುಡಿಯಲು ಅಡುಗೆಮನೆಗೆ ಹೋಗುತ್ತಿದ್ದರು.

1994ರಲ್ಲಿ ಉದಯ ಟಿ.ವಿ. ಬಂದ ಮೇಲೆ ಆ ಮಿತಿ ಸಡಿಲವಾಯಿತು. ಒಂದು ಕಡೆ ಹಿರೇಮಗಳೂರು ಕಣ್ಣನ್ ನಡೆಸಿಕೊಡುತ್ತಿದ್ದ 'ಹರಟೆ', ಹಳೆಯ ಮಾತಿನ ಮೋಡಿಯನ್ನು ಉಳಿಸಿಕೊಂಡ ಸಭ್ಯ ನಗೆ. ಇನ್ನೊಂದು ಕಡೆ ಗುಪ್ತ ಕ್ಯಾಮೆರಾದ 'ಕುರಿಗಳು ಸಾರ್ ಕುರಿಗಳು'. ನಿಸಾರ್ ಅಹಮದರ ಪ್ರಸಿದ್ಧ ಕವನದ ಹೆಸರು ಹೊತ್ತ ಈ ಕಾರ್ಯಕ್ರಮ ಬೀದಿಯಲ್ಲಿ ಹೋಗುವವರನ್ನು ಏಮಾರಿಸಿ, ಅವರ ಗಾಬರಿಯನ್ನು ಮನೆಮನೆಗೆ ತೋರಿಸಿತು. ಪ್ರತಾಪ್ ಎಂಬ ಯುವನಟ ಅದರಿಂದಲೇ 'ಕುರಿ ಪ್ರತಾಪ್' ಆದರು. ಅವರ ಚುರುಕುತನ ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಆದರೂ ಪ್ರಕಾರವಾಗಿ ಇದು ಕೈಲಾಸಂ ದಾರಿಗೆ ಬೆನ್ನು ಹಾಕಿತ್ತು. ಅಹೋಬ್ಲುವಿನ ಮಾನ ಹೋಗುವುದು ಅವನದೇ ಬಡಾಯಿಯಿಂದ. ತರಕಾರಿ ಚೀಲ ಹಿಡಿದು ಮನೆಗೆ ಹೊರಟವರು ಅಂಥ ಯಾವ ತಪ್ಪನ್ನೂ ಮಾಡಿರಲಿಲ್ಲ.

2000ದ ಡಿಸೆಂಬರ್‌ನಲ್ಲಿ ಆರಂಭವಾದ ಈಟಿವಿ ಕನ್ನಡ ದೈನಿಕ ಹಾಸ್ಯ ಧಾರಾವಾಹಿಯ ಸುಗ್ಗಿಕಾಲ ತಂದಿತು. ಸಿಹಿಕಹಿ ಚಂದ್ರು ಅವರ 'ಪಾಪ ಪಾಂಡು'ವಿನಲ್ಲಿ ಚಿದಾನಂದ್ ಪಾಂಡು, ಶಾಲಿನಿ ಅವನ ಹೆಂಡತಿ. ಕತೆಯ ಕೀಲು ಬಹಳ ಸರಳ: ಹೆಂಡತಿಗೆ ಹೆದರುವ ಗಂಡ, ಆ ಹೆದರಿಕೆ ಹೊರಗೆ ಗೊತ್ತಾಗಬಾರದೆಂದು ಪಡುವ ಪಾಡು. ಮನೆಯೊಳಗೆ ಏಟು ತಿಂದವನು ಬಾಗಿಲು ಬಡಿದ ಸದ್ದು ಕೇಳಿದೊಡನೆ ಅಂಗಿ ಸರಿಮಾಡಿಕೊಂಡು ಯಜಮಾನನ ಮುಖ ಹಾಕಿಕೊಳ್ಳಬೇಕು. ಆ ಎರಡು ಮುಖಗಳ ನಡುವಿನ ಕ್ಷಣದಲ್ಲೇ ಚಿದಾನಂದ್ ನಟನೆಯ ಸೊಗಸಿದ್ದದ್ದು. ಇದೇ ತಂಡದ ಜಾಡು ಮುಂದೆ ಜೀ ಕನ್ನಡದ 'ಪಾರ್ವತಿ ಪರಮೇಶ್ವರ', 'ಪಾಂಡುರಂಗ ವಿಠಲ' ಧಾರಾವಾಹಿಗಳಲ್ಲಿ ಮುಂದುವರಿಯಿತು.

ವಿಜಯ ಪ್ರಸಾದ್ ನಿರ್ದೇಶನದ 'ಸಿಲ್ಲಿ ಲಲ್ಲಿ'ಯ ಡಾಕ್ಟರ್ ವಿಠಲ್ ರಾವ್ ಅಹೋಬ್ಲುವಿನ ನೇರ ವಂಶಸ್ಥ. ಕಂಡಕಂಡವರಿಗೆಲ್ಲ ತನ್ನ ಖ್ಯಾತಿಯನ್ನು ತಾನೇ ಸಾರಿ ಪರಿಚಯ ಹೇಳಿಕೊಳ್ಳುವ ಆ ವೈದ್ಯನನ್ನು ರವಿಶಂಕರ್ ಗೌಡ ಎಷ್ಟು ಗಂಭೀರವಾಗಿ ನಟಿಸಿದರೆಂದರೆ, ಆ ಪರಿಚಯದ ಮಾತು ಶಾಲೆಯ ವಾರ್ಷಿಕೋತ್ಸವದ ಮಿಮಿಕ್ರಿಯವರೆಗೂ ಹಬ್ಬಿತು. ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಕಾಯುವವರಿಗೂ ಹಿಂದಿನ ರಾತ್ರಿಯ ಕಂತು ಮಾತಿಗೆ ಒದಗುತ್ತಿದ್ದ ವರ್ಷಗಳವು. ವಿಜಯ ಪ್ರಸಾದ್ ಮುಂದೆ 'ಸಿದ್ಲಿಂಗು' (2012), 'ನೀರ್ ದೋಸೆ' (2016) ಸಿನಿಮಾಗಳಲ್ಲಿ ದ್ವಂದ್ವಾರ್ಥದ ಸಂಭಾಷಣೆಯನ್ನು ಇನ್ನಷ್ಟು ದೂರ ಕೊಂಡೊಯ್ದರು. ಅವರ ಅಭಿಮಾನಿಗಳಲ್ಲಿ ಆಗ ಎದ್ದ ವಾದ ಇನ್ನೂ ತಣ್ಣಗಾಗಿಲ್ಲ. ಮನುಷ್ಯನ ಆಸೆಯನ್ನು ಮುಚ್ಚುಮರೆಯಿಲ್ಲದೆ ಆಡುವ ಧೈರ್ಯ ಅದು ಎನ್ನುವವರಿದ್ದಾರೆ. ಮನೆಮಂದಿಯೊಡನೆ ಕುಳಿತು ನೋಡಲಾಗದು ಎನ್ನುವವರೂ ಇದ್ದಾರೆ. ಎರಡೂ ಮಾತು ನಿಜ. 'ಸಿದ್ಲಿಂಗು'ವಿನಲ್ಲಿ ಪೋಲಿ ಮಾತಿನ ಹಿಂದೆ ದುಃಖವಿರುವುದರಿಂದ ಅದು ನಿಲ್ಲುತ್ತದೆ ಎಂಬುದು ಈ ಲೇಖಕರ ಅಭಿಪ್ರಾಯ.

ಈಟಿವಿ ಕನ್ನಡವು ಕಲರ್ಸ್ ಕನ್ನಡವಾಗಿ ಹೆಸರು ಬದಲಿಸಿದ 2015ರಲ್ಲೇ ಸೃಜನ್ ಲೋಕೇಶ್ ಅವರ 'ಮಜಾ ಟಾಕೀಸ್' ಶುರುವಾಯಿತು. ಧಾರಾವಾಹಿಯ ಮನೆ ಮತ್ತು ಅತಿಥಿಗಳ ಮಾತುಕತೆ ಎರಡನ್ನೂ ಬೆರೆಸಿದ ಈ ಕಾರ್ಯಕ್ರಮಕ್ಕೆ ಹಿಂದಿಯ 'ಕಾಮಿಡಿ ನೈಟ್ಸ್ ವಿತ್ ಕಪಿಲ್' ಮಾದರಿಯಿತ್ತು. ಅದರಲ್ಲಿ ಮಾದರಿಯನ್ನು ಮೀರಿದ ಪಾತ್ರವೊಂದಿತ್ತು, ವರಲಕ್ಷ್ಮಿ. ಕಡೂರು ತಾಲ್ಲೂಕಿನ ಪಂಚನಹಳ್ಳಿ ಮೂಲದ ಅಪರ್ಣಾ ಅದನ್ನು ನಟಿಸಿದರು. ಪುಟ್ಟಣ್ಣ ಕಣಗಾಲರ 'ಮಸಣದ ಹೂವು' ಚಿತ್ರದಲ್ಲಿ ನಟಿಸಿ, ದೂರದರ್ಶನದಲ್ಲಿ, ಸರ್ಕಾರಿ ಸಮಾರಂಭಗಳಲ್ಲಿ ಅಚ್ಚುಕಟ್ಟಾದ ಕನ್ನಡದ ನಿರೂಪಕಿಯಾಗಿ ನಾಡಿಗೆಲ್ಲ ಪರಿಚಿತರಾಗಿದ್ದವರು ಅವರು. ನಮ್ಮ ಮೆಟ್ರೋದ ಪ್ರಕಟಣೆಗಳಿಗೂ ಅವರದೇ ದನಿ. ಅಂಥವರು ಒಣಜಂಬದ, ತನ್ನ ಬಗ್ಗೆ ತಾನೇ ಮರುಳಾದ ಹೆಂಗಸಾಗಿ ಕುಲುಕುತ್ತ ಬಂದಾಗ ಪ್ರೇಕ್ಷಕರಿಗೆ ಮೊದಲು ಆದದ್ದು ಬೆರಗು, ಆಮೇಲೆ ಮುಜುಗರ, ಕೊನೆಗೆ ಅಕ್ಕರೆ. ಸ್ಪಷ್ಟ ಉಚ್ಚಾರಕ್ಕೆ ಹೆಸರಾದ ನಾಲಿಗೆಯನ್ನೇ ಅವರು ಹಾಸ್ಯದ ಆಯುಧ ಮಾಡಿಕೊಂಡರು. ಪಕ್ಕದ ಪಾತ್ರಗಳು ಎಷ್ಟೇ ಅಣಕಿಸಿದರೂ ವರಲಕ್ಷ್ಮಿಗೆ ಅದು ಕೇಳಿಸುತ್ತಲೇ ಇರಲಿಲ್ಲ. ಪೇಚಿಗೆ ಸಿಕ್ಕುತ್ತಿದ್ದವರು ಅಣಕಿಸಿದವರೇ. ಕನ್ನಡ ಕಿರುತೆರೆಯ ಮುಜುಗರದ ಹಾಸ್ಯದಲ್ಲಿ ಇದಕ್ಕಿಂತ ನಯವಾದ ನಟನೆಯನ್ನು ತೋರಿಸುವುದು ಕಷ್ಟ. ಅಪರ್ಣಾ 2024ರ ಜುಲೈ 11ರಂದು ತೀರಿಕೊಂಡರು.

ಜೀ ಕನ್ನಡದ 'ಕಾಮಿಡಿ ಕಿಲಾಡಿಗಳು' (2016) ಸಣ್ಣ ಊರುಗಳ ಪ್ರತಿಭೆಗಳಿಗೆ ವೇದಿಕೆಯಾಯಿತು. ಮೊದಲ ಆವೃತ್ತಿ ಗೆದ್ದ ಶಿವರಾಜ್ ತಮ್ಮ ಊರು ಕೆ.ಆರ್. ಪೇಟೆಯನ್ನು ಹೆಸರಿಗೆ ಸೇರಿಸಿಕೊಂಡೇ ಸಿನಿಮಾಕ್ಕೆ ಬಂದರು. ಇದೇ ಹೊತ್ತಿಗೆ ಡ್ಯಾನಿಶ್ ಸೇಠ್ ರೇಡಿಯೊದ ತಮಾಷೆ ಕರೆಗಳಲ್ಲಿ ಕಟ್ಟಿದ ರಾಜಕಾರಣಿ ನೊಗರಾಜ್ 2018ರಲ್ಲಿ ಸಿನಿಮಾ ಆಗಿ, 2022ರಲ್ಲಿ ವೂಟ್‌ನ ಸರಣಿಯಾಗಿ ಬಂದ. ಬಿಬಿಸಿ ಮಾದರಿಯ ನೇರ ಪ್ರಭಾವ ಕಾಣುವುದು ಇಲ್ಲಿ ಮಾತ್ರ.

ಈಗ ನೋಡುಗರ ಚರ್ಚೆ ಯಾರನ್ನು ಪೇಚಿಗೆ ಸಿಕ್ಕಿಸುತ್ತೀರಿ ಎಂಬ ಪ್ರಶ್ನೆಗೆ ಬಂದು ನಿಂತಿದೆ. ರಿಯಾಲಿಟಿ ಸ್ಕಿಟ್‌ಗಳಲ್ಲಿ ಮೈಬಣ್ಣ, ದಪ್ಪ ಮೈ, ಉಬ್ಬುಹಲ್ಲು, ಹೆಣ್ಣುವೇಷ ತೊಟ್ಟ ಗಂಡಸು ಇವೇ ಮತ್ತೆ ಮತ್ತೆ ಬರುತ್ತವೆ. ಹಿನ್ನೆಲೆಯಲ್ಲಿ ಸಿದ್ಧ ನಗೆಯ ಸದ್ದು ಎಷ್ಟು ಜೋರಾಗಿ ಕೇಳಿದರೂ ಈ ಬಗೆಯ ಜೋಕು ವಾರ ಕಳೆಯುವುದರೊಳಗೆ ಮರೆತುಹೋಗುತ್ತದೆ. ಪಾಂಡು, ವಿಠಲ್ ರಾವ್, ವರಲಕ್ಷ್ಮಿ ಹಾಗಾಗಲಿಲ್ಲ. ಅವರ ತುಣುಕುಗಳನ್ನು ಜನ ಇಂದಿಗೂ ಮೊಬೈಲಿನಲ್ಲಿ ಒಬ್ಬರಿಗೊಬ್ಬರು ಕಳಿಸುತ್ತಾರೆ, ಧಾರಾವಾಹಿ ನಿಂತ ಮೇಲೆ ಹುಟ್ಟಿದ ಮಕ್ಕಳೂ ಆ ಮಾತುಗಳನ್ನು ಆಡುತ್ತಾರೆ. ಬಡಾಯಿಯನ್ನು ಬಿಟ್ಟು ಬಡವನ ಮೈಬಣ್ಣವನ್ನು ಗುರಿಮಾಡುವ ಸ್ಕಿಟ್ಟನ್ನು ಹಾಸ್ಯ ಎಂದು ಲೆಕ್ಕಕ್ಕೆ ಹಿಡಿಯಲು ಬರುವುದಿಲ್ಲ.