ಬರಕ್ಕೆ ಗುರ್ಜಿ, ನೆರೆಗೆ?

ರಾಯಬಾಗ ತಾಲ್ಲೂಕಿನ ದಿಗ್ಗೇವಾಡಿ ಕೃಷ್ಣಾ ತೀರದ ಸೀಮೆಯ ಊರು. ಈ ಸೀಮೆಯನ್ನು ನೀರು ಎರಡು ಬಗೆಯಲ್ಲಿ ಕಾಡಿದೆ: ಬಾರದೆ ಕಾಡಿದ್ದು ಬರ, ಮಿತಿಮೀರಿ ಬಂದು ಕಾಡಿದ್ದು ನೆರೆ. ಇಂಥ ಹೊತ್ತಿನಲ್ಲಿ ಹಾಡು, ಕುಣಿತ, ಕುಶಲಕಲೆಗಳಿಂದ ಏನು ಪ್ರಯೋಜನವೆಂದು ವಿದ್ಯಾರ್ಥಿಗಳು ಕೇಳುವುದು ಸಹಜ.

1876-78ರ ಬರ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳನ್ನು ಕಂಗೆಡಿಸಿತು. 1872 ಮತ್ತು 1881ರ ಜನಗಣತಿಗಳ ನಡುವೆ ಪಕ್ಕದ ಕಲಾದಗಿ ಜಿಲ್ಲೆಯಲ್ಲಿ ಸುಮಾರು ಐದರಲ್ಲೊಂದು ಪಾಲು ಜನ ಕಡಿಮೆಯಾದರು. ಶಾಂತಸಾಗರದ ನೀರು ಬಿಸಿಯೇರಿ ನಮ್ಮ ಮುಂಗಾರನ್ನು ಕೆಡಿಸುವ ಎಲ್ ನಿನೊ ಅದಕ್ಕೆ ಮುಖ್ಯ ಕಾರಣವೆಂದು ವಿಜ್ಞಾನಿಗಳು ಗುರುತಿಸಿದ್ದಾರೆ.

ಮಳೆ ಹಿಂದೆಗೆದಾಗ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಗುರ್ಜಿ ಆಡುವುದು ಹಳೆಯ ರೂಢಿ. ರೊಟ್ಟಿ ಹಂಚಿನ ಮೇಲೆ ಸೆಗಣಿಯ ಗುರ್ಜಿಯನ್ನು ಮಾಡಿ, ಗರಿಕೆ ಸಿಕ್ಕಿಸಿ, ಹುಡುಗನೊಬ್ಬನ ತಲೆಯ ಮೇಲಿಡುತ್ತಾರೆ. ಹುಡುಗರು ಹಾಡುತ್ತ ಮನೆಮನೆಗೆ ಹೋಗುತ್ತಾರೆ. ಮನೆಯವರು ನೀರು ಸುರಿದಾಗ ಗುರ್ಜಿ ಹೊತ್ತವನು ಗಿರಗಿರನೆ ತಿರುಗುತ್ತಾನೆ. ಕೊಟ್ಟ ಜೋಳ, ಹಿಟ್ಟುಗಳನ್ನು ಕೂಡಿಸಿ ಅಡುಗೆ ಮಾಡಿ ಎಲ್ಲರೂ ಉಣ್ಣುತ್ತಾರೆ.

ಈ ಹಾಡಿನಿಂದ ಮೋಡ ಕಟ್ಟುವುದಿಲ್ಲ. ಆದರೆ ಮುಚ್ಚಿದ ಬಾಗಿಲುಗಳು ತೆರೆಯುತ್ತವೆ. ಉಳ್ಳವರ ಹಿಟ್ಟು ಇಲ್ಲದವರ ತಾಟಿಗೆ ಬರುತ್ತದೆ. ಕೈಯೊಡ್ಡಿದೆನೆಂಬ ನಾಚಿಕೆ ಯಾರಿಗೂ ಇರುವುದಿಲ್ಲ. ಕಣಜಗಳೇ ಬರಿದಾಗುವ ಮಹಾಕ್ಷಾಮಕ್ಕೆ ಇಷ್ಟು ಸಾಲದು, ನಿಜ. ಆದರೂ ಊರು ಒಡೆಯದಂತೆ ಹಿಡಿದಿಡುವ ಉಪಾಯ ಇದರಲ್ಲಿತ್ತು.

ನೆರೆಯ ಪೆಟ್ಟು ಬೇರೆ ತೆರನಾದದ್ದು. 2005, 2019 ಮತ್ತು 2021ರಲ್ಲಿ ಸಹ್ಯಾದ್ರಿಯ ಭಾರಿ ಮಳೆಗೆ ಕೃಷ್ಣೆ ಉಕ್ಕಿದಾಗ ಚಿಕ್ಕೋಡಿ, ರಾಯಬಾಗ, ಅಥಣಿ ಭಾಗದ ತೀರದ ಜನ ಮನೆ ಬಿಡಬೇಕಾಯಿತು. ಪರಿಹಾರ ಕೇಂದ್ರದಲ್ಲಿ ಊಟ ಸಿಗುತ್ತದೆ. ಆದರೆ ದುಡಿದು ಉಣ್ಣುವವರು ಸಾಲಿನಲ್ಲಿ ನಿಂತು ಪಡೆಯಬೇಕು. ಈ ನೋವು ಹೊರಗೆ ಕಾಣಿಸದು.

ಇದಕ್ಕೆ ಕೇರಳದ ಒಂದು ಉದಾಹರಣೆಯನ್ನು ನೋಡಬಹುದು. 2018ರ ಆಗಸ್ಟ್ ಪ್ರವಾಹದಲ್ಲಿ ಎರ್ನಾಕುಲಂ ಜಿಲ್ಲೆಯ ಚೇಂದಮಂಗಲದ ನೇಕಾರರು ಓಣಂ ಹಬ್ಬಕ್ಕೆಂದು ನೇಯ್ದ ಸೀರೆಗಳೆಲ್ಲ ಕೆಸರಾದವು. ಅವನ್ನು ಶುದ್ಧಗೊಳಿಸಿ, ಕತ್ತರಿಸಿ, ಸ್ವಯಂಸೇವಕರು ಸಣ್ಣ ಗೊಂಬೆಗಳನ್ನು ಮಾಡಿದರು. ಹೆಸರು ಚೇಕುಟ್ಟಿ, ಅಂದರೆ ಕೆಸರನ್ನು ಗೆದ್ದ ಕೂಸು. ಒಂದು ಸೀರೆಯಿಂದ ಸುಮಾರು 360 ಗೊಂಬೆಗಳು. ಒಂದರ ಬೆಲೆ 25 ರೂಪಾಯಿ. ಕಲೆಗಳನ್ನು ಮರೆಮಾಚದೆಯೇ ಮಾರಿದರು. ಹಣ ನೇಕಾರರಿಗೆ ಸೇರಿತು.

ಗುರ್ಜಿಯಲ್ಲಿಯೂ ಚೇಕುಟ್ಟಿಯಲ್ಲಿಯೂ ನೊಂದವರು ಬರಿಯ ಪ್ರೇಕ್ಷಕರಲ್ಲ. ಕಲೆಯಲ್ಲಿ ಅವರ ವಸ್ತುವಿದೆ, ಅವರ ಪಾಲಿದೆ. ಬೆಳಗಾವಿ ಸೀಮೆಯಲ್ಲಿ ಶ್ರೀಕೃಷ್ಣ ಪಾರಿಜಾತದ ಬಯಲಾಟವಿದೆ, ಡೊಳ್ಳಿದೆ, ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುವ ತಾಯಂದಿರಿದ್ದಾರೆ. ನೆರೆ ಇಳಿದ ಊರಿಗೆ ಹೋಗುವ ವಿದ್ಯಾರ್ಥಿಗಳು ಅಕ್ಕಿಯ ಚೀಲದ ಜೊತೆಗೆ ಸೂಜಿ, ದಾರವನ್ನೂ ಒಯ್ಯಲಿ. ಹೊಲಿಗೆಯನ್ನು ಆ ತಾಯಂದಿರಿಂದಲೇ ಕಲಿಯಲಿ.